ಡೊಂಬಿವಲಿ ಫ್ಲ್ಯಾಟ್‌ಗೆ ಟ್ಯೂಬ್ ಆಂಪೋ, ಮಾಡೆಲರೋ? 120 ವೋಲ್ಟಿನ ಹಳೇ ಫೆಂಡರ್ ಒಂದು ಮಾರಾಟಕ್ಕಿದೆ

ಡೊಂಬಿವಲಿ ತಂತಿ

ಎಲ್ಲರಿಗೂ ನಮಸ್ಕಾರ. ಒಂದು ಬಿಎಚ್‌ಕೆ ಫ್ಲ್ಯಾಟ್, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಮನೆಯಲ್ಲಿ ಅಭ್ಯಾಸ ರಾತ್ರಿ 9ರ ಮೇಲೆ. ತಿಂಗಳಿಗೆ ಎರಡು ಮೂರು ಶೋ: ಪುಣೆಯಲ್ಲಿ ಒಳಾಂಗಣ, ಸೀಸನ್ನಿನಲ್ಲಿ ಗೋವಾದ ಬೀಚ್ ಬದಿ. ಸಾಮಾನು ಲೋಕಲ್ ಗಾಡಿಯಲ್ಲೂ ರೈಲಿನಲ್ಲೂ ಹೋಗಬೇಕು. ಗಿಟಾರ್ ಸಿಂಗಲ್ ಕಾಯಿಲ್. ಬೇಕಾದದ್ದು ಕ್ಲೀನ್ ದನಿ, ಜೋರಾಗಿ ಮೀಟಿದರೆ ಸ್ವಲ್ಪ ಒಡೆಯುವ ದನಿ. ಮೆಟಲ್ ಇಲ್ಲ.

ಕೈಗೆ ಸಿಗುವಂತಿರುವುದು ಮೂರು. ಅಮೆರಿಕದಿಂದ ಯಾರೋ ತಂದಿರುವ 120 ವೋಲ್ಟಿನ ಫೆಂಡರ್ '65 ಡಿಲಕ್ಸ್ ರಿವರ್ಬ್ ರೀಇಶ್ಯೂ, ಅಂದರೆ ಹಳೇ ಮಾದರಿಯನ್ನು ಮತ್ತೆ ತಯಾರಿಸಿದ ಟ್ಯೂಬ್ (ವಾಲ್ವ್) ಆಂಪ್, ಸೆಕೆಂಡ್ ಹ್ಯಾಂಡ್. ಅದರದ್ದೇ ಡಿಜಿಟಲ್ ರೂಪವಾದ ಟೋನ್ ಮಾಸ್ಟರ್. ಇಲ್ಲವೇ ಎಚ್‌ಎಕ್ಸ್ ಸ್ಟಾಂಪ್ ತರಹದ ಫ್ಲೋರ್ ಮಾಡೆಲರ್, ಅಂದರೆ ಆಂಪಿನ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ, ಕಾಲಬಳಿ ಇಡುವ ಪೆಟ್ಟಿಗೆ. ಯಾವುದು ಎಲ್ಲಿ ಕೈಕೊಡುತ್ತದೆ, ಯಾಕೆ ಅಂತ ಗೊತ್ತಿರುವವರು ತಿಳಿಸಿ. "ಟ್ಯೂಬ್ ಟ್ಯೂಬೇ" ಅನ್ನುವ ಉತ್ತರ ಆಗಲೇ ಬೇಕಾದಷ್ಟು ಸಿಕ್ಕಿದೆ.

ಗ್ರಾಂಟ್ ರೋಡ್ ಸೋಲ್ಡರ್

ದನಿಯ ಮಾತಿಗೆ ಮುಂಚೆ ಸದ್ದಿನ ಲೆಕ್ಕ ಹಾಕಿಬಿಡಿ.

12 ಇಂಚಿನ ಗಿಟಾರ್ ಸ್ಪೀಕರಿನ ಸಂವೇದನೆ 97 ಡಿಬಿ ಅಂತ ಇಟ್ಟುಕೊಳ್ಳಿ, ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 97 ಡಿಬಿ. 22 ವಾಟ್ ಕೊಟ್ಟರೆ ಅದು 110. ವಾಟ್ ಅರ್ಧಕ್ಕೆ ಇಳಿದರೆ ಕಡಿಮೆಯಾಗುವುದು 3 ಡಿಬಿ ಮಾತ್ರ. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ವಾಟ್ ಹತ್ತನೇ ಒಂದು ಭಾಗಕ್ಕೆ ಬರಬೇಕು. ಹಾಗಾಗಿ "22 ಬೇಡ, 5 ವಾಟಿನ ಪುಟ್ಟ ಟ್ಯೂಬ್ ಆಂಪ್ ತಗೋ" ಅನ್ನುವ ಸಲಹೆಯಿಂದ ಫ್ಲ್ಯಾಟಿಗೆ ಪ್ರಯೋಜನವಿಲ್ಲ, ಅದೂ 104 ಮುಟ್ಟುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡಿಬಿ. ಡಿಲಕ್ಸ್ ರಿವರ್ಬಿಗೆ ಮಾಸ್ಟರ್ ವಾಲ್ಯೂಮ್ ಇಲ್ಲ. ವಾಲ್ಯೂಮ್ 2ರಲ್ಲಿ ಚಂದದ ಕ್ಲೀನ್ ಸಿಗುತ್ತದೆ. ನೀವು ಕೇಳುವ ಒಡೆಯುವ ದನಿ ಶುರುವಾಗುವುದು 4ರ ಆಸುಪಾಸು, ಅಷ್ಟರಲ್ಲಿ ಡ್ರಮ್ಮಿನ ಪಕ್ಕ ನಿಲ್ಲುವಷ್ಟು ಜೋರಾಗಿರುತ್ತದೆ.

ಇನ್ನು 120 ವೋಲ್ಟ್. ನೇರವಾಗಿ 230ಕ್ಕೆ ಸಿಕ್ಕಿಸಿದರೆ ಫ್ಯೂಸ್ ಹಾರುವುದರೊಳಗೆ ಏನೇನು ಸುಡುತ್ತದೋ ಹೇಳಲಾಗದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಎರಡು 6ವಿ6 (ಸ್ಪೀಕರಿಗೆ ಶಕ್ತಿ ಕೊಡುವವು), ನಾಲ್ಕು 12ಎಎಕ್ಸ್7, ಎರಡು 12ಎಟಿ7, ಒಂದು ಜಿಜೆಡ್34 (ಎಸಿಯನ್ನು ಡಿಸಿ ಮಾಡುವುದು): ಆಂಪಿನೊಳಗಿನ ಈ ಟ್ಯೂಬುಗಳನ್ನು ಕಾಯಿಸುವ ಹೀಟರಿಗೇ ಸುಮಾರು 27 ವಾಟ್, ಮೇಲೆ ಹೈ ವೋಲ್ಟೇಜಿನ ಪಾಲು. ನುಡಿಸದೆ ಸುಮ್ಮನಿದ್ದಾಗಲೂ 70 ವಾಟಿನಷ್ಟು ಎಳೆಯುತ್ತದೆ. 300 ವಿಎ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, 100ರದ್ದು ಬೇಡ. ಮಾರುಕಟ್ಟೆಯಲ್ಲಿ ಬಹಳಷ್ಟಕ್ಕೆ ಎರಡೇ ತೂತಿನ ಸಾಕೆಟ್ ಇರುತ್ತದೆ, ಅರ್ತ್ ಇರುವುದಿಲ್ಲ. ಅಂಥದ್ದರಲ್ಲಿ ಆಂಪಿನ ಚಾಸಿ ನೆಲಕ್ಕೆ ಸೇರುವುದೇ ಇಲ್ಲ. ಒಳಗೇನಾದರೂ ಇನ್ಸುಲೇಶನ್ ಹೋದರೆ ತಂತಿಯ ಮೂಲಕ ನಿಮ್ಮ ಕೈಗೆ, ಮೈಕಿನ ಮೂಲಕ ತುಟಿಗೆ ಶಾಕ್. ಲ್ಯಾಮಿಂಗ್ಟನ್ ರೋಡಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರಿಗೆ "ಎರಡು ಬೇರೆ ವೈಂಡಿಂಗ್, ಮೂರು ಪಿನ್ ಔಟ್‌ಪುಟ್, ಅರ್ತ್ ನೇರ ಪಾಸ್" ಅಂತ ಬರೆದು ಕೊಡಿ. ಅದರ ತೂಕವೂ ಪ್ರತಿ ಶೋಗೆ ನಿಮ್ಮ ಹೆಗಲ ಮೇಲೆಯೇ. ಆಂಪ್ ಒಂದೇ 19 ಕಿಲೋ. ಟೋನ್ ಮಾಸ್ಟರ್ 10 ಕಿಲೋ ಚಿಲ್ಲರೆ.

ಆಮೇಲೂ ಅದೇ ಬೇಕೆಂದರೆ, ಕೊಳ್ಳುವ ಮುಂಚೆ ಹೀಗೆ ನೋಡಿ. ಆನ್ ಮಾಡಿ 20 ನಿಮಿಷ ಬಿಡಿ. ಹಿಂದಿನಿಂದ ಕತ್ತಲಲ್ಲಿ ನೋಡಿದಾಗ 6ವಿ6ರ ಒಳಗಿನ ಬೂದು ಪ್ಲೇಟೇ ಕೆಂಪಗಾಗಿದ್ದರೆ ಬಯಾಸ್ (ಸುಮ್ಮನಿದ್ದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ) ಹೋಗಿದೆ ಅಥವಾ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ತಕ್ಷಣ ಆಫ್ ಮಾಡಿ. ನಡುವಿನ ಕಿತ್ತಳೆ ಹೀಟರ್ ಬೆಳಕು ಸಹಜ, ನೀಲಿ ಮಂಜಿನಂಥದ್ದೂ ಸಹಜ. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೊಂದೇ ಟ್ಯೂಬ್ ತಟ್ಟಿ. ಗಂಟೆಯ ಹಾಗೆ ಕೂಗಿದರೆ ಅದು ಮೈಕ್ರೊಫೋನಿಕ್, ಅಂದರೆ ಅಲುಗಾಟವನ್ನೇ ಸದ್ದು ಮಾಡುವ ಕೆಟ್ಟ ಟ್ಯೂಬ್. ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ದಪ್ಪ ಗುಂಯ್ ಸದ್ದು ಬರುತ್ತಿದ್ದರೆ ಫಿಲ್ಟರ್ ಕೆಪಾಸಿಟರ್ ಮುದಿಯಾಗಿದೆ. 15–20 ವರ್ಷದ ಆಂಪಾದರೆ ಅವನ್ನು ಬದಲಿಸುವ ಖರ್ಚನ್ನೂ ಬೆಲೆಯಲ್ಲೇ ಹಿಡಿದುಕೊಳ್ಳಿ.

ಹೊಸ 6ವಿ6 ಹಾಕಿದರೆ ಬಯಾಸ್ ಹೊಂದಿಸಲೇಬೇಕು. ಪ್ಲೇಟ್ 420 ವೋಲ್ಟ್, ಟ್ಯೂಬಿನ ಮಿತಿ 14 ವಾಟ್ ಅಂದರೆ ಅದರ 70 ಪರ್ಸೆಂಟ್ 9.8 ವಾಟ್, ಅದನ್ನು 420ರಿಂದ ಭಾಗಿಸಿದರೆ 23 ಮಿಲಿಆಂಪಿಯರ್. ಅದು ಗರಿಷ್ಠ, 20ರಲ್ಲಿ ನಿಲ್ಲಿಸಿದರೂ ದನಿ ಕೆಡದು. ಚಾಸಿ ತೆರೆಯುವ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಟ್ಯೂಬಿನ ಪರ ಒಂದು ಮಾತು ಹೇಳಲೇಬೇಕು. ಈ ಸರ್ಕ್ಯೂಟ್ 60 ವರ್ಷದ ಹಿಂದಿನದು, ನಕ್ಷೆ ಎಲ್ಲರ ಕೈಯಲ್ಲಿದೆ, ಕೆಟ್ಟ ಪ್ರತಿ ಭಾಗವೂ ಬಿಡಿಯಾಗಿ ಸಿಗುತ್ತದೆ. ನಮ್ಮ ಜಾಲಹಳ್ಳಿಯ ಬಿಇಎಲ್ಲೇ ಒಂದು ಕಾಲಕ್ಕೆ ರೇಡಿಯೊ ವಾಲ್ವ್ ಮಾಡುತ್ತಿತ್ತು, ಅವು ಈಗಲೂ ಹಳೇ ಸ್ಟಾಕಿನಲ್ಲಿ ಕಣ್ಣಿಗೆ ಬೀಳುತ್ತವೆ. ಮಾಡೆಲರಿನ ಮುಖ್ಯ ಚಿಪ್ ಸತ್ತರೆ ಇಡೀ ಬೋರ್ಡೇ ಬದಲಿಸಬೇಕು, ಬೋರ್ಡ್ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಪುಣೆ ಮಿಕ್ಸರ್

ಸೋಲ್ಡರ್ ಅವರ ಲೆಕ್ಕ ಸರಿ. ಮಾಡೆಲರ್ ಕಡೆಯದ್ದು ನಾನು ಹೇಳುತ್ತೇನೆ. "ಡಿಜಿಟಲ್ ದನಿ ಬಣಬಣ" ಅನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಜೋಡಣೆಯ ತಪ್ಪು.

ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತದೆ. ಪಿಎ (ಸಭಾಂಗಣದ ಸೌಂಡ್ ಸಿಸ್ಟಮ್) ಸ್ಪೀಕರ್ ಹಾಗಲ್ಲ, ಅದು ಮೇಲಿನದನ್ನೆಲ್ಲ ಹೊರಹಾಕುತ್ತದೆ. ಆದ್ದರಿಂದ ಪಿಎಗೋ ಹೆಡ್‌ಫೋನಿಗೋ ಹೋಗುವಾಗ ಕ್ಯಾಬಿನೆಟ್ ಐಆರ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ದನಿಯನ್ನು ಅನುಕರಿಸುವ ಫೈಲ್) ಆನ್ ಇರಲೇಬೇಕು, ಇಲ್ಲದಿದ್ದರೆ ದುಂಬಿ ಗುಂಯ್ಗುಟ್ಟಿದ ಹಾಗೆ ಕೇಳುತ್ತದೆ. ಅದೇ ಮಾಡೆಲರನ್ನು ನಿಜವಾದ ಗಿಟಾರ್ ಆಂಪಿಗೆ ಹಾಕುವಾಗ ಐಆರ್ ಆಫ್ ಮಾಡಬೇಕು. ಎರಡೆರಡು ಕ್ಯಾಬಿನೆಟ್ ದಾಟಿದ ದನಿ ಕಂಬಳಿ ಹೊದ್ದಂತಿರುತ್ತದೆ. ಸ್ಟುಡಿಯೊಗಳಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ಇದೇ.

ಎರಡನೆಯದು, ಪ್ರೀಸೆಟ್ (ಉಳಿಸಿಟ್ಟ ದನಿಯ ಜೋಡಣೆ) ಮಾಡುವಾಗಿನ ಸದ್ದು. ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ಬಾಸೂ ಟ್ರೆಬಲ್ಲೂ ಕಡಿಮೆ ಮುಟ್ಟುತ್ತವೆ, ಹಾಗಾಗಿ ಮನೆಯಲ್ಲಿ ಹೆಡ್‌ಫೋನಿನಲ್ಲಿ ಎರಡನ್ನೂ ಏರಿಸಿಡುತ್ತೀರಿ. ಅದನ್ನೇ ವೇದಿಕೆಯಲ್ಲಿ 95 ಡಿಬಿಗೆ ಎತ್ತಿದರೆ ಕೆಳಗೆ ಗುಡುಗು, ಮೇಲೆ ಚಾಕು. ರಿಹರ್ಸಲ್ ಕೊಠಡಿ ಒಂದು ಗಂಟೆ ತಗೊಂಡು, ಶೋ ಸದ್ದಿನಲ್ಲೇ, ಪಿಎ ಸ್ಪೀಕರಿನಲ್ಲೇ ಪ್ರೀಸೆಟ್ ಕೂರಿಸಿ. ಲೋ ಕಟ್ 80ರಿಂದ 100 ಹರ್ಟ್ಜ್, ಹೈ ಕಟ್ 6ರಿಂದ 8 ಕಿಲೋಹರ್ಟ್ಜ್. ರಿವರ್ಬ್ ಮನೆಯಲ್ಲಿ ಇಷ್ಟವಾದದ್ದರ ಅರ್ಧ ಸಾಕು, ಮಿಕ್ಕಿದ್ದನ್ನು ಹಾಲೇ ಕೊಡುತ್ತದೆ.

ಸ್ಟಾಂಪಿಗೆ ಕಾಲಿಂಚಿನ ಔಟ್‌ಪುಟ್ ಮಾತ್ರ, ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿನ ಮೂರು ಪಿನ್ ಕಿಂಡಿ) ಇಲ್ಲ. ಕಾಲಿಂಚಿನಿಂದ ಎಕ್ಸ್‌ಎಲ್‌ಆರಿಗೆ ಹೋಗುವ ಕೇಬಲ್ ಹಾಕಿ ನೇರ ಸ್ಟೇಜ್ ಬಾಕ್ಸಿಗೆ ಕೊಡಬೇಡಿ. ಯಾರಾದರೂ 48 ವೋಲ್ಟ್ ಫ್ಯಾಂಟಮ್ (ಮೈಕಿಗೆಂದು ಮಿಕ್ಸರ್ ಕಳಿಸುವ ವಿದ್ಯುತ್ತು) ಒತ್ತಿದರೆ ಅದು ಮಾಡೆಲರಿನೊಳಗೆ ನುಗ್ಗುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ ಇಡಿ, ಫ್ಯಾಂಟಮ್ ಅಲ್ಲೇ ನಿಲ್ಲುತ್ತದೆ. ಗುಂಯ್ ಅಂದರೆ ಅದರದ್ದೇ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಕೆಲಸ ಯಾರು ಹೇಳಿದರೂ ಮಾಡಬೇಡಿ. ವಿದ್ಯುತ್ತು 9 ವೋಲ್ಟ್, 3 ಆಂಪಿಯರ್ ಬೇಕು. ಪೆಡಲ್ ಸಪ್ಲೈಯ 500 ಮಿಲಿಆಂಪಿಯರ್ ಕಿಂಡಿ ಸಾಲದು. ಮೂಲ ಅಡಾಪ್ಟರನ್ನೇ ಒಯ್ಯಿರಿ.

ಟ್ಯೂಬ್ ಆಂಪ್ ಬೆರಳಿಗೆ ಬೇರೆ ಅನ್ನಿಸುವುದಕ್ಕೆ ಎರಡು ನಿಜವಾದ ಕಾರಣಗಳಿವೆ. ಜೋರಾಗಿ ಮೀಟಿದಾಗ ಜಿಜೆಡ್34ರ ಮೂಲಕ ಬರುವ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ, ಸ್ವರ ಮೊದಲು ಅದುಮಿ ಆಮೇಲೆ ಅರಳುತ್ತದೆ. ಇನ್ನೊಂದು ಸ್ಪೀಕರ್. 8 ಓಮ್ ಅನ್ನುವುದು ಹೆಸರಿಗೆ. ತನ್ನ ಅನುರಣನದ ಹತ್ತಿರ, ಸುಮಾರು 100 ಹರ್ಟ್ಜ್‌ನಲ್ಲಿ, ಅದು ಹಲವು ಪಟ್ಟು ಏರುತ್ತದೆ, ಟ್ರೆಬಲ್ ಕಡೆಗೂ ಏರುತ್ತಾ ಹೋಗುತ್ತದೆ. ಟ್ಯೂಬಿನ ಔಟ್‌ಪುಟ್ ಇಂಪಿಡೆನ್ಸ್ ದೊಡ್ಡದು, ಆದ್ದರಿಂದ ಆ ಜಾಗಗಳಲ್ಲಿ ಸದ್ದೂ ಏರುತ್ತದೆ. ಟ್ರಾನ್ಸಿಸ್ಟರ್ ಪವರ್ ಆಂಪ್ ಹಾಗೆ ಬಗ್ಗುವುದಿಲ್ಲ. ಒಳ್ಳೆಯ ಮಾಡೆಲರ್ ಎರಡನ್ನೂ ಲೆಕ್ಕ ಹಾಕಿ ಕೊಡುತ್ತದೆ. ಆದರೆ ಹಿಂದೆ ನಿಂತ ಕ್ಯಾಬಿನೆಟ್ಟಿನ ಗಾಳಿ ಕಾಲಿಗೆ ತಾಗುವುದನ್ನು ಮಾನಿಟರ್ ಕೊಡಲಾರದು. ಪ್ರೇಕ್ಷಕರಿಗೆ ಕೇಳುವುದು ಹೇಗಿದ್ದರೂ ಮೈಕಿನಿಂದ ಬಂದ ದನಿಯೇ, ಅಲ್ಲಿ ಈಗ ವ್ಯತ್ಯಾಸ ಹಿಡಿಯುವುದು ಕಷ್ಟ.

ಟೋನ್ ಮಾಸ್ಟರ್ ನಿಮ್ಮ ದನಿಗೆ ಹೊಂದುತ್ತದೆ. ಹಿಂದೆ 22, 12, 5, 1, 0.5, 0.2 ವಾಟಿನ ಸ್ವಿಚ್ಚಿದೆ, ಮೈಕ್ ಇಲ್ಲದೆ ಮಿಕ್ಸರಿಗೆ ಕೊಡಲು ಎಕ್ಸ್‌ಎಲ್‌ಆರ್ ಕೂಡ ಇದೆ. ಆದರೂ 0.2 ವಾಟ್ ಅಂದರೆ ಸೋಲ್ಡರ್ ಅವರ ಲೆಕ್ಕದಲ್ಲೇ 90 ಡಿಬಿ. ರಾತ್ರಿ 9ರ ಮೇಲೆ ಅದೂ ಜಾಸ್ತಿ. ಹೆಡ್‌ಫೋನ್ ಕಿಂಡಿ ಇರುವುದೇ ನಿಮಗೆ ಬೇಕು. ನನ್ನ ಓಟು ಸ್ಟಾಂಪಿಗೆ.

ವಾಸ್ಕೋ ಬೇಸ್

ಗೋವಾದ ಮಟ್ಟಿಗೆ ಎರಡು ಮಾತು ಹೇಳ್ತೀನ್ರಿ. ಬೀಚ್ ಬದಿ ಶೋ ಅಂದ್ರ ಜನರೇಟರ್ ಕರೆಂಟು, ಮ್ಯಾಲೆ ಉಪ್ಪಿನ ಗಾಳಿ. ಎರಡೂ ಟ್ಯೂಬಿಗೆ ಆಗಿಬರಂಗಿಲ್ಲ.

ಲೈಟಿನವರು ಎಲ್ಲಾ ಲೈಟ್ ಒಮ್ಮೆಲೆ ಹಚ್ಚಿದಾಗ 230 ಇದ್ದದ್ದು 200ಕ್ಕ ಇಳೀತು ಅನ್ರಿ. 6.3 ವೋಲ್ಟಿನ ಹೀಟರಿಗೆ ಆಗ ಸಿಗೋದು 5.5. ಹತ್ತು ಪರ್ಸೆಂಟ್ ಹೆಚ್ಚು ಕಡಿಮಿ ತಡೀತೈತಿ, ಇದು ಅದನ್ನೂ ದಾಟಿತು. ದನಿ ಮಂಕಾಗ್ತೈತಿ, ಹಿಂಗ ದಿನಾ ಆದ್ರ ಕ್ಯಾಥೋಡ್ ಹಾಳಾಗ್ತೈತಿ. ಅದ 250ಕ್ಕ ಏರಿದ್ರ 420 ಇದ್ದ ಪ್ಲೇಟು 456 ಆಗ್ತೈತಿ, ಬಯಾಸ್ ಮೊದಲ ಬಿಸಿ ಇಟ್ಟಿದ್ರ ಟ್ಯೂಬ್ ಕೆಂಪಾದ್ವು ಅಂತ ತಿಳ್ಕೋರಿ. ಟ್ಯೂಬ್ ತರೋರು ಸರ್ವೋ ಸ್ಟೆಬಿಲೈಜರ್ ತರ್ರಿ, ಇಲ್ಲಾಂದ್ರ ಮಲ್ಟಿಮೀಟರ್ ಹಿಡಿದು ಸೌಂಡ್‌ಚೆಕ್ಕಿನ್ಯಾಗ, ಲೈಟ್ ಹಚ್ಚಿದ ಮ್ಯಾಲೆ, ಒಮ್ಮೆ ನೋಡ್ರಿ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಮಾತ್ರ ಹಚ್ಚಬ್ಯಾಡ್ರಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಕಾಯ್ತೈತಿ.

ಮಾಡೆಲರ್ ಅಡಾಪ್ಟರು ಸಾಮಾನ್ಯವಾಗಿ 100ರಿಂದ 240ರ ತನಕ ಏನು ಕೊಟ್ರೂ ನಡಸ್ತೈತಿ. ಅದಕ್ಕ ತೊಂದ್ರಿ ಬ್ಯಾರೆ. ಅರೆ ಸೆಕೆಂಡ್ ಕರೆಂಟ್ ಹೋದ್ರೂ ಮೊದಲಿಂದ ಬೂಟ್ ಆಗ್ಬೇಕು, ಅಷ್ಟೊತ್ತು ವೇದಿಕೆ ಮ್ಯಾಲೆ ಸುಮ್ನ ನಿಂದರಬೇಕು. ಸಣ್ಣದೊಂದು ಯುಪಿಎಸ್ ಕಾಲಬುಡಕ ಇಡ್ರಿ. ಬಿಸಿಲಾಗ ಸ್ಕ್ರೀನ್ ಕಾಣಂಗಿಲ್ಲ, ಫುಟ್‌ಸ್ವಿಚ್ಚಿಗೆ ಪಟ್ಟಿ ಬರ್ದು ಅಂಟಿಸ್ರಿ.

ಉಪ್ಪಿನ ಗಾಳಿಗೆ ಟ್ಯೂಬ್ ಸಾಕೆಟ್ಟು, ಜಾಕು, ಪಾಟು (ತಿರುಗಿಸೋ ಗುಂಡಿ) ಎಲ್ಲಾ ಕಿಲುಬು ಹಿಡೀತಾವು, ಚರಚರ ಶುರು ಆಗ್ತೈತಿ. ವಾರಕ್ಕೊಮ್ಮೆ ಜಾಕಿನ್ಯಾಗ ಪ್ಲಗ್ ಹತ್ತು ಸಲ ಹಾಕಿ ತಗೀರಿ. ಶೋ ಮುಗದ ಕೂಡ್ಲೆ ಬಿಸಿ ಆಂಪ್ ಮ್ಯಾಲೆ ಕವರ್ ಹಾಕಬ್ಯಾಡ್ರಿ, ಒಳಗ ಬೆವರ್ತೈತಿ. ಬಿಸಿ ಟ್ಯೂಬ್ ಗಾಡ್ಯಾಗ ಜಗ್ಗಾಡಿದ್ರ ಒಳಗಿನ ತಂತಿ ಸಡಿಲಾಗ್ತಾವು, 15 ನಿಮಿಷ ಆರಲಿಕ್ಕ ಬಿಡ್ರಿ. ಮಳಿಗಾಲದಾಗ ಕೇಸಿನ್ಯಾಗ ಸಿಲಿಕಾ ಜೆಲ್ ಇರಲಿ, ಮಾಡೆಲರಿಗೂ.

ಡೊಂಬಿವಲಿ ತಂತಿ

ಮೂವರಿಗೂ ತುಂಬಾ ಧನ್ಯವಾದ. ಇನ್ನೆರಡು ಪ್ರಶ್ನೆ. ಫೆಂಡರಿಗೆ ಲೋಡ್ ಬಾಕ್ಸ್ (ಸ್ಪೀಕರಿನ ಬದಲು ಆಂಪಿನ ಶಕ್ತಿ ಹೀರುವ ಪೆಟ್ಟಿಗೆ) ಹಾಕಿ ಹೆಡ್‌ಫೋನಿನಲ್ಲಿ ಕೇಳಿದರೆ ಫ್ಲ್ಯಾಟಿನ ತೊಂದರೆ ತೀರುತ್ತದೆಯೇ? ಮತ್ತೆ, ಹಣ ಹಾಕುವ ಮುಂಚೆ ಲ್ಯಾಪ್‌ಟಾಪಿನಲ್ಲೇ ಈ ಮಾಡೆಲಿಂಗ್ ಹೇಗಿದೆ ಅಂತ ನೋಡುವ ದಾರಿ ಇದೆಯೇ?

ಪುಣೆ ಮಿಕ್ಸರ್

ಎರಡನೆಯದಕ್ಕೆ ಇದೆ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗಿನ್ ಉಚಿತ, ಓಪನ್ ಸೋರ್ಸ್. ನಿಜವಾದ ಆಂಪಿನ ದನಿ ಹಿಡಿದಿಟ್ಟ ಕ್ಯಾಪ್ಚರ್ ಫೈಲುಗಳನ್ನು ಅದು ನುಡಿಸುತ್ತದೆ. ಗಿಟಾರನ್ನು ಆಡಿಯೊ ಇಂಟರ್‌ಫೇಸಿನ ಹೈ-ಝಡ್ (ಗಿಟಾರಿಗೆಂದೇ ಇರುವ) ಕಿಂಡಿಗೆ ಹಾಕಿ, ಲೈನ್ ಕಿಂಡಿಗೆ ಹಾಕಿದರೆ ಪಿಕಪ್ಪಿನ ಮೇಲೆ ಭಾರ ಬಿದ್ದು ಟ್ರೆಬಲ್ ಸಾಯುತ್ತದೆ. ವಿಂಡೋಸ್ ಆದರೆ ಎಎಸ್‌ಐಓ ಡ್ರೈವರ್, 48 ಕಿಲೋಹರ್ಟ್ಜ್, ಬಫರ್ 64. ಬಫರ್ ಒಂದಕ್ಕೆ 1.3 ಮಿಲಿಸೆಕೆಂಡ್, ಹೋಗಿ ಬರುವಾಗ ಎಲ್ಲ ಸೇರಿ 5 ಆದರೂ ಆಂಪಿನಿಂದ 1.7 ಮೀಟರ್ ದೂರ ನಿಂತಷ್ಟೇ. ಚಟಪಟ ಅಂದರೆ 128 ಮಾಡಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ಮೀಟಿದ ಎಷ್ಟೋ ಹೊತ್ತಿಗೆ ಸ್ವರ ಬರುತ್ತದೆ.

ಇಂಟರ್‌ಫೇಸಿನ ಗೇನ್ ಕೆಳಗೇ ಇಡಿ. ಅದನ್ನು ಏರಿಸಿದರೆ ಆಂಪಿನ ಮುಂದೆ ಬೂಸ್ಟರ್ ಇಟ್ಟ ಹಾಗೆ, ಕ್ಲೀನ್ ಕ್ಯಾಪ್ಚರ್ ಕೂಡ ಒಡೆದು ಕೇಳುತ್ತದೆ, ಜನ ಕ್ಯಾಪ್ಚರನ್ನು ಬೈಯುತ್ತಾರೆ. ಇನ್ನೊಂದು ನೆನಪಿಡಿ: ಸಾಮಾನ್ಯ ಕ್ಯಾಪ್ಚರ್ ಅಂದರೆ ಗುಂಡಿಗಳು ಒಂದು ಜಾಗದಲ್ಲಿದ್ದಾಗ ತೆಗೆದ ಫೋಟೊ. ರಿವರ್ಬ್, ಟ್ರೆಮೊಲೊ ಅದರಲ್ಲಿ ಬರುವುದಿಲ್ಲ, ನಿಧಾನವಾದ ವೋಲ್ಟೇಜ್ ಕುಸಿತವೂ ಪೂರ್ತಿ ಬರುವುದಿಲ್ಲ. ಒಂದೇ ಆಂಪಿನ ವಾಲ್ಯೂಮ್ 3, 5, 7ರ ಕ್ಯಾಪ್ಚರ್ ಮೂರನ್ನೂ ಇಳಿಸಿಕೊಂಡು ಹೋಲಿಸಿ. ಕ್ಯಾಬಿನೆಟ್ ಸೇರಿರುವ ಕ್ಯಾಪ್ಚರಿಗೆ ಮೇಲೊಂದು ಐಆರ್ ಹಾಕಬೇಡಿ.

ಗ್ರಾಂಟ್ ರೋಡ್ ಸೋಲ್ಡರ್

ಲೋಡ್ ಬಾಕ್ಸ್ ನಡೆಯುತ್ತದೆ, ಆದರೆ ಟ್ಯೂಬುಗಳು ಆಗಲೂ ಪೂರ್ತಿ ವಾಟಿಗೆ ದುಡಿಯುತ್ತವೆ, ಸವೆತ ಅಷ್ಟೇ. ರಿಯಾಕ್ಟಿವ್ ಮಾದರಿಯೇ ಬೇಕು, ಮಿಕ್ಸರ್ ಅವರು ಹೇಳಿದ ಆ ಏರಿಳಿತದ ಇಂಪಿಡೆನ್ಸನ್ನು ಅದು ಅನುಕರಿಸುತ್ತದೆ. ಬರೀ ರೆಸಿಸ್ಟರಿನ ಪೆಟ್ಟಿಗೆಯಲ್ಲಿ ದನಿ ಚಪ್ಪಟೆ. 8 ಓಮ್, ಕನಿಷ್ಠ 50 ವಾಟ್ ಇರಲಿ. ಹೆಡ್‌ಫೋನಿಗೆ ಐಆರ್ ಆಗಲೂ ಬೇಕು, ಅಂದರೆ ಕೊನೆಗೆ ಅರ್ಧ ಡಿಜಿಟಲ್ಲೇ.

ಕೇಬಲ್ ವಿಷಯದಲ್ಲಿ ಎಚ್ಚರ. ಲೋಡ್ ಬಾಕ್ಸಿಗೆ ದಪ್ಪ ಸ್ಪೀಕರ್ ಕೇಬಲ್ ಹಾಕಿ, ಗಿಟಾರ್ ಕೇಬಲ್ ಅಲ್ಲ. ಒಳಗಿನ ಸ್ಪೀಕರಿನ ಪ್ಲಗ್ ಕಿತ್ತು ಅದೇ ಮುಖ್ಯ ಜಾಕಿಗೆ ಸಿಕ್ಕಿಸಿ. ಫೆಂಡರಿನ ಮುಖ್ಯ ಸ್ಪೀಕರ್ ಜಾಕ್ ಖಾಲಿ ಬಿಟ್ಟಾಗ ತಾನೇ ಶಾರ್ಟ್ ಆಗುತ್ತದೆ. ಅದನ್ನು ಖಾಲಿ ಬಿಟ್ಟು ಪಕ್ಕದ ಎಕ್ಸ್‌ಟರ್ನಲ್ ಜಾಕಿಗೆ ಹಾಕಿದರೆ ಪೆಟ್ಟಿಗೆಗೆ ಏನೂ ಬರುವುದಿಲ್ಲ. ಸದ್ದಿಲ್ಲವೆಂದು ವಾಲ್ಯೂಮ್ ಏರಿಸುತ್ತಾ ಹೋದರೆ ಶಾರ್ಟಿಗೆ ದುಡಿಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು 6ವಿ6 ಜೋಡಿ. ಸದ್ದು ಬರದಿದ್ದರೆ ಮೊದಲು ಸ್ಟ್ಯಾಂಡ್‌ಬೈಗೆ ಹಾಕಿ, ಆಮೇಲೆ ಜಾಕ್ ನೋಡಿ.