‘ಗೆಟ್’ ಎಲ್ಲಿ ‘ಸಿಗು’, ಎಲ್ಲಿ ‘ಆಗು’?

ಪ್ರಶ್ನೆ: ‘ಗೆಟ್’ ಅಂದ್ರೆ ‘ಪಡೆ’ ಅಂತ ಕಲಿತದ್ದು. ಹಾಗಾದ್ರೆ ‘ಗೆಟ್ ಆಂಗ್ರಿ’ಯಲ್ಲಿ ಪಡೆಯೋದೇನು?

ಉತ್ತರ 1: ಮುಂದಿನ ಪದ ನೋಡಿ. ನಾಮಪದ ಬಂದರೆ ‘ಸಿಗು’. ನನಗೆ ಕೆಲಸ ಸಿಕ್ಕಿತು: ‘ಐ ಗಾಟ್ ಎ ಜಾಬ್’. ನಮ್ಮ ‘ನನಗೆ’ ಅಲ್ಲಿ ‘ಐ’. ‘ಟು ಮಿ’ ಹಾಕಿದರೆ ವಾಕ್ಯ ಕೆಟ್ಟಿತು. ಗುಣವಾಚಕವಾದರೆ ‘ಆಗು’: ‘ಗೆಟ್ ವೆಟ್’, ಒದ್ದೆಯಾಗು. ಊರು, ಜಾಗ ಬಂದರೆ ‘ತಲುಪು’, ಜೊತೆಗೆ ‘ಟು’ ಬೇಕು. ‘ಗೆಟ್ ಹೋಮ್’, ‘ಗೆಟ್ ಹಿಯರ್’, ‘ಗೆಟ್ ದೇರ್’ ಇಂಥವಕ್ಕೆ ಬೇಡ.

ಉತ್ತರ 2: ಜನ ಎಡವೋದು ನಮ್ಮ ‘-ಇಸು’ ಬರುವ ಕಡೆ. ‘ಐ ರಿಪೇರ್ಡ್ ಮೈ ಬೈಕ್’ ಅಂದ್ರೆ ಸ್ಪ್ಯಾನರ್ ನಿಮ್ಮ ಕೈಯಲ್ಲೇ ಇತ್ತು ಅಂತ! ಮೆಕ್ಯಾನಿಕ್ ಹತ್ತಿರ ಮಾಡಿಸಿದ್ದರೆ ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ಕ್ರಮ: ಗಾಟ್, ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ.

ಉತ್ತರ 3: ಅಮೆರಿಕದವರಿಗೆ ‘ಹ್ಯಾವ್ ಗಾಟ್’ ಅಂದ್ರೆ ‘ಇದೆ’, ‘ಹ್ಯಾವ್ ಗಾಟನ್’ ಅಂದ್ರೆ ‘ಸಿಕ್ಕಿದೆ’. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಗಾಟ್’.