ಹೊಸ ಚಿಪ್‌ಗೆ ಓಎಸ್ ಪೋರ್ಟ್ ಮಾಡುವ ಮುಂಚೆ ಕಂಪೈಲರ್‌ನಲ್ಲಿ ಏನೇನು ನೋಡಿಕೊಂಡಿರಿ?

ಕೇಳಿದವರು, ತುಮಕೂರು:
ನಾವು ನಾಲ್ಕೇ ಜನ, ವಸಂತನರಸಾಪುರದ ಹತ್ತಿರ ಬೋರ್‌ವೆಲ್ ಪಂಪ್‌ಗೆ ಸ್ಟಾರ್ಟರ್ ಕಂಟ್ರೋಲರ್ ಮಾಡುತ್ತೇವೆ. ಈಗಿನ ಬೋರ್ಡಿನಲ್ಲಿ ಆರ್ಮ್ ಕಾರ್ಟೆಕ್ಸ್-ಎಂ3 ಚಿಪ್, ಮೇಲೆ ಫ್ರೀಆರ್‌ಟಿಒಎಸ್ ಅನ್ನೋ ಪುಟ್ಟ ಓಎಸ್. ಅಗ್ಗದ ರಿಸ್ಕ್-ಫೈವ್ (ಬೇರೆ ಥರದ ಇನ್‌ಸ್ಟ್ರಕ್ಷನ್ ಸೆಟ್) ಚಿಪ್‌ಗೆ ಹೋಗೋಣ ಅಂತಿದ್ದೇವೆ. ಜಿಸಿಸಿ ಕಂಪೈಲರ್‌ನಲ್ಲಿ (ಕೋಡನ್ನು ಚಿಪ್‌ನ ಇನ್‌ಸ್ಟ್ರಕ್ಷನ್ ಮಾಡುವ ಪ್ರೋಗ್ರಾಂ) ರಿಸ್ಕ್-ಫೈವ್ ಇದೆ, ಇನ್ನೇನು ನೋಡೋದು ಅಂತಾರೆ ನಮ್ಮ ಹುಡುಗರು. ಅಷ್ಟು ಸಾಕಾ?

ಕೋಲಾರದಿಂದ:
ಸಾಲಲ್ಲ ಸಾರ್. ರಿಸ್ಕ್-ಫೈವ್‌ನಲ್ಲಿ ಹೆಸರಿನ ಕೊನೆಯಲ್ಲಿರುವ ಅಕ್ಷರಗಳೇ ಮುಖ್ಯ. ಎಂ ಇದ್ದರೆ ಗುಣಾಕಾರ, ಭಾಗಾಕಾರ. ಸಿ ಇದ್ದರೆ 16 ಬಿಟ್‌ನ ಗಿಡ್ಡ ಇನ್‌ಸ್ಟ್ರಕ್ಷನ್‌ಗಳು. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ತೇಜಸ್32 ಚಿಪ್ ಆರ್‌ವಿ32ಐಎಂ, ಅದರಲ್ಲಿ ಸಿ ಇಲ್ಲ. ನಾನು ಅದರ ಮೇಲೆ ಕೆಲಸ ಮಾಡುವಾಗ ಕಂಪೈಲ್ ಸಾಲಿನಲ್ಲಿ ಆರ್ಕಿಟೆಕ್ಚರ್ ಸರಿಯಾಗಿ ಕೊಟ್ಟಿದ್ದೆ, ಲೈಬ್ರರಿ ಜೋಡಿಸುವ ಲಿಂಕ್ ಸಾಲಿನಲ್ಲಿ ಕೊಡೋದು ಮರೆತಿದ್ದೆ. ಟೂಲ್‌ಚೈನ್ (ಕಂಪೈಲರ್, ಲಿಂಕರ್ ಎಲ್ಲಾ ಸೇರಿದ ಕಟ್ಟು) ತನ್ನ ಡೀಫಾಲ್ಟ್ ಲೈಬ್ರರಿ, ಅಂದರೆ ಸಿ ಇರುವ ಆರ್‌ವಿ32ಐಎಂಎಸಿಯದ್ದನ್ನು, ಎತ್ತಿಕೊಂಡಿತು. ಲಿಂಕರ್ ಒಂದು ವಾರ್ನಿಂಗ್ ಕೂಡ ಕೊಡಲಿಲ್ಲ. ಮೆಮೊರಿ ತುಂಬುವ ಮೆಮ್‌ಸೆಟ್ ಥರದ್ದೆಲ್ಲ ನಾವೇ ಬರೆದಿದ್ದರಿಂದ ಆ ಲೈಬ್ರರಿ ಬೇಕಾಗದೇ ಎಲ್‌ಇಡಿ ಮಿನುಗಿತು, ಎರಡು ಟಾಸ್ಕ್ ಓಡಿದವು, ಖುಷಿಯಾಗಿ ಟೀ ಕುಡಿದು ಬಂದೆವು. ಆಮೇಲೆ ಮೋಟಾರ್ ಎಷ್ಟು ಗಂಟೆ ಓಡಿತು ಅಂತ ಲೆಕ್ಕ ಹಾಕೋಕೆ 64 ಬಿಟ್ ಭಾಗಾಕಾರ ಸೇರಿಸಿದೆ. ಅಲ್ಲೇ ಬಿತ್ತು. 32 ಬಿಟ್ ಚಿಪ್‌ನಲ್ಲಿ ಅದಕ್ಕೆ ಇನ್‌ಸ್ಟ್ರಕ್ಷನ್ ಇಲ್ಲ, ಕಂಪೈಲರ್ ತನ್ನದೇ ಲೈಬ್ರರಿ ಲಿಬ್‌ಜಿಸಿಸಿಯ ಫಂಕ್ಷನ್ ಕರೆಯುತ್ತೆ. ಯಾಕೆ ಬಿತ್ತು ಅಂತ ಹೇಳುವ ಎಂಕಾಸ್ ರಿಜಿಸ್ಟರ್‌ನಲ್ಲಿ 2, ಅಂದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಎರಡು ದಿನ ಸುಮ್ನೆ ಸ್ಟ್ಯಾಕ್ ಮೇಲೆ ಅನುಮಾನಪಟ್ಟೆ. ಕೊನೆಗೆ ಎಲ್ಲಿ ಬಿತ್ತು ಅಂತ ಹೇಳುವ ಎಂಇಪಿಸಿ ರಿಜಿಸ್ಟರಿನ ವಿಳಾಸ ಹಿಡಿದು, ಆಬ್ಜ್‌ಡಂಪ್‌ನಲ್ಲಿ ಇನ್‌ಸ್ಟ್ರಕ್ಷನ್ ಪಟ್ಟಿ ನೋಡಿದರೆ, ಎಂಟೆಂಟು ಅಂಕಿಯ (32 ಬಿಟ್) ಕೋಡ್ ಇರಬೇಕಾದ ಕಡೆ ನಾಲ್ಕು ನಾಲ್ಕು ಅಂಕಿಯ (16 ಬಿಟ್) ಸಾಲುಗಳು!

ಜಿಸಿಸಿಗೆ ಪ್ರಿಂಟ್-ಮಲ್ಟಿ-ಲಿಬ್ ಕೊಟ್ಟು ಮೊದಲು ಅದರ ಜೊತೆ ಬಂದಿರುವ ಲೈಬ್ರರಿಗಳ ಪಟ್ಟಿ ನೋಡಿ. ನಿಮ್ಮ ಚಿಪ್‌ನ ಅಕ್ಷರಗಳೂ ಎಬಿಐಯೂ (ಫಂಕ್ಷನ್ ಕರೆಯುವ ನಿಯಮ) ಅಲ್ಲಿ ಜೋಡಿಯಾಗಿ ಇರಬೇಕು. ಆಮೇಲೆ 64 ಬಿಟ್ ಭಾಗಾಕಾರ, ಒಂದು ಫ್ಲೋಟ್ ಗುಣಾಕಾರ ಇರುವ ಹತ್ತು ಸಾಲಿನ ಪ್ರೋಗ್ರಾಂ ಬೋರ್ಡ್ ಮೇಲೆ ಓಡಿಸಿ. ಅದು ಓಡೋವರೆಗೂ ಓಎಸ್‌ನ ಶೆಡ್ಯೂಲರ್ (ಟಾಸ್ಕ್‌ಗಳ ಸರದಿ ನೋಡುವ ಭಾಗ) ಮುಟ್ಟಬೇಡಿ.

ಚಿಕ್ಕಬಳ್ಳಾಪುರದಿಂದ:
ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸುವ ಸೂಚನೆ) ಕೂಡ ನೋಡಿಕೊಳ್ಳಿ. ಕೆಲವು ಅಗ್ಗದ ಚಿಪ್‌ಗಳು ಇಂಟರಪ್ಟ್ ಬಂದಾಗ ರಿಜಿಸ್ಟರ್‌ಗಳನ್ನು ತಾವೇ ಎತ್ತಿಡುತ್ತವೆ. ಅದಕ್ಕೆ ಕೋಡಿನಲ್ಲಿ ಬರೆಯಬೇಕಾದ ಗುರುತು, ಅಂದರೆ ಆಟ್ರಿಬ್ಯೂಟ್, ಚಿಪ್ ಮಾಡಿದವರ ತಿದ್ದಿದ ಜಿಸಿಸಿಗೆ ಮಾತ್ರ ಗೊತ್ತು, ಮಾಮೂಲಿ ಜಿಸಿಸಿಗೆ ಗೊತ್ತಿಲ್ಲ. ನಾಳೆ ಅವರು ಅದನ್ನು ಅಪ್‌ಡೇಟ್ ಮಾಡದೇ ಹೋದರೆ ನೀವು ಹಳೇ ವರ್ಶನ್‌ಗೇ ಅಂಟಿಕೊಂಡಿರಬೇಕು, ಅಲ್ವಾ? ನಾನು ಆ ಸೌಲಭ್ಯವನ್ನೇ ಆಫ್ ಮಾಡಿದೆ. ಟಾಸ್ಕ್ ಬದಲಿಸುವಾಗ ಹೇಗೂ ಓಎಸ್ ತಾನೇ ಎಲ್ಲಾ ಎತ್ತಿಡುತ್ತೆ. ಇನ್ನೊಂದು, ಆರ್‌ವಿ32ಇ ಆದರೆ ರಿಜಿಸ್ಟರ್ 32 ಅಲ್ಲ, 16. ಪೋರ್ಟ್‌ನ ಅಸೆಂಬ್ಲಿ ಫೈಲ್ ತೆಗೆದು ಕಣ್ಣಾರೆ ನೋಡಿ.

ಮತ್ತೊಬ್ಬರು, ಕೋಲಾರದಿಂದಲೇ:
ಹಳೇ ಮೇಕ್‌ಫೈಲ್ ಎತ್ತಿಕೊಂಡು ಬಂದು ಜಿಸಿಸಿ 12ರಲ್ಲಿ ಹಾಕಿದರೆ ಸಿಎಸ್‌ಆರ್ (ನಿಯಂತ್ರಣ ರಿಜಿಸ್ಟರ್) ಇನ್‌ಸ್ಟ್ರಕ್ಷನ್ ಗೊತ್ತಿಲ್ಲ ಅನ್ನುತ್ತೆ. ಗಾಬರಿ ಬೇಡ. ಜಿಸಿಸಿ ಜೊತೆಗಿನ ಅಸೆಂಬ್ಲರ್, ಲಿಂಕರ್‌ಗಳ ಕಟ್ಟು ಬಿನ್‌ಯುಟಿಲ್ಸ್ 2.38ರಿಂದ ಅದು ಬೇರೆ ಎಕ್ಸ್‌ಟೆನ್ಶನ್. ಆರ್ಕಿಟೆಕ್ಚರ್ ಹೆಸರಿನ ಕೊನೆಗೆ ಝಿಸಿಎಸ್‌ಆರ್ ಸೇರಿಸಿ.

ಕೇಳಿದವರು:
ಪಟ್ಟಿ ನೋಡಿದೆ. ನಮ್ಮ ಚಿಪ್‌ನ ಜೋಡಿ ಅದರಲ್ಲಿ ಇಲ್ಲವೇ ಇಲ್ಲ! ಇನ್ನೂರು ಚಿಪ್‌ಗೆ ಇವತ್ತು ಸಂಜೆ ಆರ್ಡರ್ ಹಾಕೋದಿತ್ತು, ಸದ್ಯಕ್ಕೆ ನಿಲ್ಲಿಸಿದ್ದೇನೆ. ಎರಡು ಬೋರ್ಡ್ ಮಾತ್ರ ತರಿಸುತ್ತೇನೆ.