ಗೋಳಗುಮ್ಮಟದ ಮುಂದಿನ ಮ್ಯೂಜಿಯಂಗೆ ಅರ್ಧ ದಿನ ಕೊಡಬೇಕೋ ಬ್ಯಾಡೋ? ಅತ್ತಿನ್ನ, ಮಗನ್ನ ಕರ್ಕೊಂಡು ಹೊಂಟೀನಿ

ಬೆಳಗಾವಿಯಾಕಿ:

ನಮಸ್ಕಾರ್ರೀ ಎಲ್ಲಾರ್ಗೂ. ಬರೂ ಗುರುವಾರ ವಿಜಯಪುರದಾಗ ನಮ್ಮ ತಂಗಿ ಮಗಳ ತೊಟ್ಲಾ ಐತ್ರಿ. ಅದು ಮುಗದ ಮ್ಯಾಲ ಶುಕ್ರವಾರ ಒಂದಿನ ಪೂರ್ತಿ ಖಾಲಿ ಸಿಗತೈತಿ, ಶನಿವಾರ ಮಧ್ಯಾಹ್ನ ಊಟಾ ಮಾಡಿ ಅಥಣಿ ಮ್ಯಾಲಿಂದ ವಾಪಸ್. ಮಗಾ ಐದನೇತ್ತೆ, ಸಾಲ್ಯಾಗ "ನಮ್ಮ ಭಾಗದ ಇತಿಹಾಸ" ಅಂತ ಪ್ರಾಜೆಕ್ಟ್ ಕೊಟ್ಟಾರ. ನೆಟ್‌ನಾಗಿಂದು ಪ್ರಿಂಟ್ ಹೊಡ್ಕೊಂಡು ಬರಬ್ಯಾಡ್ರಿ, ಕಣ್ಣಾರೆ ನೋಡಿದ್ದ ಬರೀರಿ ಅಂದಾರ ಅವ್ರ ಟೀಚರು, ಪುಣ್ಯಾತಗಿತ್ತಿ.

ನಾ ಗೋಳಗುಮ್ಮಟಕ್ಕ ಎರಡು ಸಲ ಹೋಗೀನಿ, ಒಮ್ಮೆ ಸಾಲಿ ಟ್ರಿಪ್ಪಿನ್ಯಾಗ ಒಮ್ಮೆ ಮದುವ್ಯಾದ ಹೊಸದಾಗಿ. ಎರಡೂ ಸಲಾನೂ ಮ್ಯಾಲ ಹತ್ತೂದು, ಕೂಗೂದು, ಇಳಿಯೂದು, ಮುಂದಿನ ಕಟ್ಟಡದ ಹತ್ರ ತೋಪಿನ ಬಾಜೂ ನಿಂತು ಫೋಟೋ ತಗಸ್ಕೊಳ್ಳೂದು. ಆ ಕಟ್ಟಡದ ಒಳಗ ಮ್ಯೂಜಿಯಂ ಐತಿ ಅನ್ನೂದು ಗೊತ್ತಾಗಿದ್ದ ಹ್ವಾದ ವಾರ, ನಗಬ್ಯಾಡ್ರಿ.

ಈಗ ಕೇಳೂದು ಏನಂದ್ರ, 68 ವರ್ಷದ ನಮ್ಮ ಅತ್ತಿ ಜೋಡಿ ಅದಾರ, ಮೊಣಕಾಲ ನೋವು, ಗುಮ್ಮಟಾ ಹತ್ತೂದು ಆಗೂದಿಲ್ಲ. ಅವ್ರಿಗೆ ಮ್ಯೂಜಿಯಂ ನಡದೀತೇನು? ಹುಡುಗ ಹತ್ತು ನಿಮಿಷಕ್ಕ "ಅವ್ವಾ ಹೋಗೂಣು" ಅಂತ ಸೆರಗ ಹಿಡದು ಜಗ್ಗೂದಿಲ್ಲೇನು? ನೋಡಿದವ್ರು ಹೇಳ್ರಿ.

ಗುಮ್ಮಟದ ನೆರಳು:

ಅಕ್ಕಾರ, ಮದ್ಲ ಒಂದು ಮಾತು. ಶುಕ್ರವಾರ ಆ ಮ್ಯೂಜಿಯಂ ಬಂದ್ ಇರ್ತದ್ರಿ!! ಗುಮ್ಮಟಾ ದಿನಾ ತಗದಿರ್ತದ, ಮ್ಯೂಜಿಯಮ್ಮಿಗೆ ಮಾತ್ರ ಶುಕ್ರವಾರ ಸೂಟಿ. ನಮ್ಮ ಮನಿಗೆ ಬಂದ ಬೀಗರು ಎಷ್ಟೋ ಮಂದಿ ಹಿಂಗ ಕೀಲಿ ನೋಡಿ ವಾಪಸ್ ಬಂದಾರ. ಅದಕ್ಕ ನಿಮ್ಮ ಪ್ಲ್ಯಾನ್ ತಿರಗಾಮುರಗಾ ಮಾಡ್ರಿ, ಶುಕ್ರವಾರ ಊರಾಗಿಂದು, ಶನಿವಾರ ಮುಂಜಾನೆ ಹತ್ತಕ್ಕ ಮ್ಯೂಜಿಯಂ.

ಶುಕ್ರವಾರ ಮುಂಜಾನೆ ಆರೂವರಿ ಏಳಕ್ಕ ನೀವು ಮಗಾ ಇಬ್ರs ಗುಮ್ಮಟಾ ಹತ್ತಿ ಬಂದ್ಬಿಡ್ರಿ, ಅತ್ತಿಯವರು ಮನ್ಯಾಗ ಆರಾಮ ಚಾ ಕುಡಕೋತ ಕೂಡ್ಲಿ. ಯಾಕ ಮುಂಜಾನೆ ಅಂದ್ರ, ಟ್ರಿಪ್ಪಿನ ಬಸ್ಸು ಬಂದೂ ಅಂದ್ರ ಮ್ಯಾಲ ಬರೇ ಚೀರಾಟ, ನಿಮ್ಮ ದನಿ ಯಾವುದು ಮಂದಿ ದನಿ ಯಾವುದು ಅಂತ ತಿಳಿಯಂಗಿಲ್ಲ. ಮಂದಿ ಇಲ್ಲದಾಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಸುಮಾರು 38 ಮೀಟರ್ ಆಚೆ ಕುಂತವ್ರಿಗೆ ಕಿವ್ಯಾಗ ಹೇಳಿದಂಗ ಕೇಳ್ತದ. ಕೂಗೂದಕ್ಕಿಂತ ಪಿಸುಗುಟ್ಟೂದ್ರಾಗ ಮಜಾ ಅದ, ಯಾರೂ ಮಾಡಂಗಿಲ್ಲ. ಆಮ್ಯಾಲ ಅತ್ತಿಯವ್ರನ್ನ ಕರ್ಕೊಂಡು ಇಬ್ರಾಹಿಂ ರೋಜಾ, ಬಾರಾಕಮಾನು. ಮಲಿಕ್ ಎ ಮೈದಾನ್ ತೋಪು ಹುಡುಗಗ ತೋರಸ್ರಿ, 1549ರಾಗ ಎರಕ ಹೊಯ್ದದ್ದು, 55 ಟನ್ ಅಂತ. ಅದರ ಬಾಯಿ ಸಿಂಹದ ಮುಖ, ಆ ಸಿಂಹದ ಹಲ್ಲಿನ ಸಂದ್ಯಾಗ ಒಂದು ಆನಿ ಸಿಕ್ಕೊಂಡದ. ಹುಡುಗ್ರು ಆ ಆನಿ ಹುಡುಕೂದ್ರಾಗ ಅರ್ಧ ತಾಸು ಕಳೀತಾರ.

ಮ್ಯೂಜಿಯಂ ಬಗ್ಗೆ ಹೇಳಬೇಕಂದ್ರ ಆ ಕಟ್ಟಡಾನ ನಗಾರಖಾನಿ, ಅಂದ್ರ ನಗಾರಿ ಬಾರ್ಸೂ ಜಾಗಾ. 1892ರಾಗ ಇಂಗ್ರೇಜರ ಕಾಲಕ್ಕ ಜಿಲ್ಲಾದಾಗ ಅಲ್ಲಲ್ಲಿ ಸಿಕ್ಕದ್ದು ತಂದು ಇಡ್ಲಿಕ್ಕೆ ಸುರು ಮಾಡ್ಯಾರ, 1982ರಾಗ ಕೇಂದ್ರದ ಪುರಾತತ್ವ ಇಲಾಖೆದವ್ರು ತಮ್ಮ ಕಡೆ ತಗೊಂಡ್ರು. ಕೆಳಗ ಮೂರು ಗ್ಯಾಲರಿ, ಮ್ಯಾಲ ಮೂರು. ಕೆಳಗಿಂದ್ರಾಗ ಕಲ್ಲಿಂದ ಹೆಚ್ಚು, ಮೂರ್ತಿ, ವೀರಗಲ್ಲು, ಕನ್ನಡ ಸಂಸ್ಕೃತ ಅರಬ್ಬಿ ಫಾರ್ಸಿ ಶಾಸನ. ಮ್ಯಾಲ ಆದಿಲ್‌ಶಾಹಿ ಕಾಲದ್ದು, ಕೈಬರಹದ ಪುಸ್ತಕ, ಫರ್ಮಾನು, ಬಿದರಿ ಸಾಮಾನು, ಚೀನಾದ ಪಿಂಗಾಣಿ, ಆಸಾರ್ ಮಹಲಿನ್ಯಾಗ ಇದ್ದ ಗಾಲೀಚಾ. ಅತ್ತಿಯವ್ರಿಗೆ ಕೆಳಗಿಂದ ಸಾಕಾಗ್ತದ್ರಿ, ಮ್ಯಾಲಿಂದು ಬಿಟ್ರೂ ನಡೀತದ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ರೊಕ್ಕಾ ವಸೂಲ್:

ಯಾರೂ ಸಿಟ್ಟಾಗಬ್ಯಾಡ್ರಿ, ಖರೇ ಹೇಳ್ತೀನಿ. ನಾ ಹಿಂತಾ ಒಂದು ಮ್ಯೂಜಿಯಂಗೆ ಹೋಗಿದ್ದೆ, ಯಾವ ಊರಂತ ಬ್ಯಾಡ, ಎರಡು ಮಕ್ಕಳು ಹೆಂಡ್ತಿ ಎಲ್ಲಾರೂ. ಕಲ್ಲು, ಕಲ್ಲು, ಮತ್ತ ಕಲ್ಲು. ಮುಂದ ಚೀಟಿ, "ವೀರಗಲ್ಲು, 12ನೇ ಶತಮಾನ". ಸರಿ, ಮುಂದ? ಹುಡುಗ್ರು ಏನಪ್ಪಾ ಇದು ಅಂತ ಕೇಳಿದ್ರು, ನನಗ ಗೊತ್ತಿದ್ರ ತಾನ ಹೇಳಾಕ. ಇಪ್ಪತ್ತು ನಿಮಿಷಕ್ಕ ಹೊರಗ ಬಂದು ಕಬ್ಬಿನ ಹಾಲ ಕುಡದ್ವಿ, ಟ್ರಿಪ್ಪಿನ್ಯಾಗ ಹುಡುಗ್ರಿಗೆ ನೆನಪಿರೂದು ಅದೊಂದ. ಆ ತೋಪ ತೋರಸ್ರಿ ಸಾಕು.

ಕಲ್ಲು ಓದಾಂವ:

ಮ್ಯಾಲಿನ ಅಣ್ಣಾರು ಹೇಳಿದ್ರಾಗ ತಪ್ಪೇನಿಲ್ಲರಿ. ವೀರಗಲ್ಲು ಅಂದ್ರ ಚಿತ್ರದ ಕತಿ ಪುಸ್ತಕ ಇದ್ದಂಗ, ಆದ್ರ ನಾವು ಮ್ಯಾಲಿಂದ ಕೆಳಗ ನೋಡಾಕ ಹೋಗ್ತೀವಿ, ಅದನ್ನ ಓದೂದು ಕೆಳಗಿಂದ ಮ್ಯಾಲ. ಅದೊಂದು ತಿಳೀಲಿಲ್ಲಂದ್ರ ಕಲ್ಲು ಕಲ್ಲs ಆಗಿ ಉಳೀತೈತಿ.

ಸಾಮಾನ್ಯವಾಗಿ ಮೂರು ಪಟ್ಟಿ ಇರ್ತಾವ. ತೀರಾ ಕೆಳಗಿಂದ್ರಾಗ ಜಗಳ, ಒಬ್ಬ ಆಳು ಕತ್ತಿ ಇಲ್ಲಾ ಬಿಲ್ಲು ಹಿಡದು ನಿಂತಿರ್ತಾನ, ಎದುರಿಗೆ ಮಂದಿ. ಅವನ ಹಿಂದ ದನಾ ಅದಾವೇನು ನೋಡ್ರಿ. ದನಾ ಇದ್ವು ಅಂದ್ರ ಅದು ತುರುಗೊಳ್, ಊರ ದನಾ ಹೊಡ್ಕೊಂಡು ಹೋಗಾಕ ಬಂದವ್ರ ಜೋಡಿ ಬಡದಾಡಿ ಸತ್ತಾಂವ. ರಾಜಾ ಅಲ್ಲ, ಸರದಾರ ಅಲ್ಲ, ನಮ್ಮ ನಿಮ್ಮಂಗ ಹೊಲಾ ಮನಿ ಇದ್ದಾಂವನೂ ಆಗಿರಬಹುದು. ನಡುವಿನ ಪಟ್ಟ್ಯಾಗ ಎಡಕ್ಕ ಬಲಕ್ಕ ಅಪ್ಸರೆಯರು ಚವರಿ ಬೀಸ್ಕೋತ ಅವನ್ನ ಮ್ಯಾಲ ಒಯ್ಯಾಕತ್ತಿರ್ತಾರ. ಮ್ಯಾಲಿನ ಪಟ್ಟ್ಯಾಗ ಲಿಂಗದ ಮುಂದ ಕೈಮುಗದು ಕುಂತಿರ್ತಾನ, ಕೈಲಾಸ ಮುಟ್ಟ್ಯಾನ ಅಂತ. ತುದಿಗೆ ಸೂರ್ಯಾ ಚಂದ್ರಾ, ಅವು ಇರೂತನಾ ಇವನ ಹೆಸರು ಇರಲಿ ಅಂತ.

ಶಾಸನದ ಕಲ್ಲಿನ ಮ್ಯಾಲೂ ಸೂರ್ಯಾ ಚಂದ್ರಾ ಇರ್ತಾರ, ಜೋಡಿ ಕರಾ ಕುಡಿಸೂ ಆಕಳು, ಲಿಂಗ, ಒಮ್ಮೊಮ್ಮೆ ಕತ್ತಿ. ಅದು ದಾನದ ಕಾಗದಾ ಅಂತ ತಿಳೀರಿ, ಈಗಿನ ಉತಾರಿ ಇದ್ದಂಗ, ಕಲ್ಲಿನ್ಯಾಗ ಅಷ್ಟ. ಕಡೀಕ ಶಾಪ ಇರ್ತೈತಿ, ದಾನಾ ಕೊಟ್ಟ ಭೂಮಿ ಯಾಂವ ಕಸಗೊಂತಾನೋ ಅಂವ ಅರವತ್ತು ಸಾವಿರ ವರ್ಷ ಹೇಲಿನ್ಯಾಗ ಹುಳಾ ಆಗಿ ಹುಟ್ಟತಾನ ಅಂತ ಸಂಸ್ಕೃತ ಶ್ಲೋಕ, ನೂರಾರು ಶಾಸನದಾಗ ಅದ ಐತಿ. ಐದನೇತ್ತೆ ಹುಡುಗಗ ಇದನ್ನ ಹೇಳಿ ನೋಡ್ರಿ, ಅವನ ಕ್ಲಾಸಿನ್ಯಾಗ ಪ್ರಾಜೆಕ್ಟ್ ಅವಂದs ಫಸ್ಟ್.

ಇನ್ನೊಂದು ಸಣ್ಣ ಉಪಾಯ. ಸವದ ಕಲ್ಲಿಗೆ ಎದುರಿಗೆ ನಿಂತು ಬೆಳಕ ಬಿಟ್ರ ಏನೂ ಕಾಣೂದಿಲ್ಲ. ಬಾಜೂಕಿಂದ, ಕಲ್ಲಿಗೆ ಒರಸಿದಂಗ ಬೆಳಕ ಬೀಳಬೇಕು, ಅವಾಗ ತಗ್ಗಿನ್ಯಾಗ ನೆರಳ ಕುಂತು ಅಕ್ಷರಾ ಎದ್ದು ಬರ್ತಾವ. ಮ್ಯೂಜಿಯಮ್ಮಿನ್ಯಾಗ ಟಾರ್ಚ್ ಹಾಕೂ ಮದ್ಲ ಅಲ್ಲಿನವ್ರನ್ನ ಕೇಳ್ಕೊರಿ. ಊರಾಗಿನ ಕಲ್ಲಿಗೆ ಮೊಬೈಲ್ ಸಾಕು, ಕತ್ತಲಾದ ಮ್ಯಾಲ ಹೋಗ್ರಿ.

ಬಾದಾಮಿ ಮಂಗ್ಯಾ:

ಎಲ್ಲಾರೂ ಗುಮ್ಮಟಾ ಗುಮ್ಮಟಾ ಅಂತೀರಿ, ನಮ್ಮ ಬಾದಾಮಿ ಮ್ಯೂಜಿಯಂ ಯಾರೂ ಹೇಳಲಿಲ್ಲ. ಅಗಸ್ತ್ಯ ತೀರ್ಥದ ಬಡಗಣ ದಂಡಿಗೆ ಗುಡ್ಡದ ಬುಡಕ್ಕs ಐತ್ರಿ, ಸಣ್ಣದು, ನಾಕು ಗ್ಯಾಲರಿ. ನಾಗನಾಥಕೊಳ್ಳದಾಗ ಸಿಕ್ಕ ಲಜ್ಜಾಗೌರಿ ಅಲ್ಲೇ ಇರೂದು. ತಲಿ ಇರೂ ಜಾಗಾದಾಗ ಅರಳಿದ ಕಮಲ, ಕಾಲು ಅಗಲಿಸಿ ಹಡಿಯಾಕಿ ಕುಂತಂಗ. ನಮ್ಮ ಚಿಗವ್ವನ್ನ ಕರ್ಕೊಂಡು ಹೋಗಿದ್ದೆ, ಮದ್ಲ ಸೆರಗ ಮಾರಿಗೆ ಹಿಡಕೊಂಡ್ಲು, ಆಮ್ಯಾಲ ನಿಂತು ನಿಂತು ನೋಡಿ "ಹೂವಿನ ಮಾರಿಯಾಕಿ, ಏನ್ ಛಂದ ಅದಾಳ" ಅಂದ್ಲು, ಅಲ್ಲಿಂದ ಸರೀವಲ್ಲಳು. ಸಿಡಿಲಫಡಿ ಗವಿ ಗುಡ್ಡದಾಗ ಐತಿ, ಆದಿಮಾನವರ ಚಿತ್ರ ಅದಾವ, ಅತ್ತಿಯವ್ರಿಗೆ ಅಲ್ಲಿತನಾ ನಡಿಯೂದು ಆಗೂದಿಲ್ಲ, ಅದರ ಮಾದರಿ ಮ್ಯೂಜಿಯಮ್ಮಿನ ಒಳಗ ಮಾಡ್ಯಾರ.

ಕೆರಿ ದಂಡಿ ಬಂಡೀ ಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಿ, ಸುಮಾರು 700ನೇ ಇಸ್ವಿದು, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಸುರು ಆಗೂ ತ್ರಿಪದಿ ಅದರಾಗಿಂದ. ನಮ್ಮ ಹೆಣ್ಮಕ್ಕಳು ಬೀಸೂ ಕಲ್ಲಿನ ಮುಂದ ಹಾಡಿದ ಪದಾನೂ ಅದ ತ್ರಿಪದಿನ ನೋಡ್ರಿ. ಇಲ್ಲೂ ಶುಕ್ರವಾರ ಮ್ಯೂಜಿಯಂ ಬಂದ್. ಮತ್ತ ಕೈಯಾಗ ಬಾಳಿಹಣ್ಣಿನ ಚೀಲ ಹಿಡಕೊಂಡು ಬರಬ್ಯಾಡ್ರಿ, ನಮ್ಮ ಮಂದಿ ಬಿಡೂದಿಲ್ಲ (ನನ್ನ ಹೆಸರ ನೋಡ್ರಿ).

ಸಂಪಗಾವಿ ಹಾದಿ:

ಬೆಳಗಾವಿ ಜಿಲ್ಲಾದಾಕಿ ಆಗಿ ಕಿತ್ತೂರ ಮ್ಯೂಜಿಯಂ ನೋಡೀರೇನ್ರಿ ತಂಗೀ? ಹೈವೇ ಮ್ಯಾಲs ಐತಿ, ಒಂದು ರವಿವಾರ ಸಾಕು. ಕ್ವಾಟಿ ಒಳಗ ಹೋಗಿ ಮದ್ಲ ವಾಡೇದ ಪಾಯಾ ನೋಡ್ರಿ, ಬಚ್ಚಲಾ, ನೀರಿನ ತೊಟ್ಟಿ, ನೀರ ಹರಿಯೂ ಕಾಲುವಿ ಎಲ್ಲಾ ಗುರ್ತ ಸಿಗತಾವ. ಧ್ರುವ ನಕ್ಷತ್ರ ನೋಡಾಕ ಗ್ವಾಡ್ಯಾಗ ಮಾಡಿದ ತೂತು ಐತಿ, ಹುಡುಗಗ ಅದನ್ನ ತಪ್ಪದs ತೋರಸ್ರಿ. ಆಮ್ಯಾಲ ಮ್ಯೂಜಿಯಮ್ಮಿನ್ಯಾಗ ಕತ್ತಿ ಗುರಾಣಿ ನೋಡಿದ್ರ 1824ರ ಅಕ್ಟೋಬರ್ 23ಕ್ಕ ಕ್ವಾಟಿ ಬಾಗಲದ ಮುಂದ ಇಂಗ್ರೇಜರ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಬರೇ ಪಾಠಾ ಅನಸೂದಿಲ್ಲ. ನೆಲಾ ಸಪಾಟ ಐತಿ, ಅತ್ತಿಯವ್ರಿಗೆ ತ್ರಾಸ ಕಡಿಮಿ.

ಬೆಳಗಾವಿಯಾಕಿ:

ಹೋಗಿ ಬಂದ್ವಿ!! ಶುಕ್ರವಾರದ ಸುದ್ದಿ ಹೇಳಿದ ಅಣ್ಣಾಗ ಸಾಷ್ಟಾಂಗ ನಮಸ್ಕಾರ. ಪಿಸುಗುಟ್ಟಿದ್ದು ಕೇಳಸ್ತು, ಮಗಾ ಆ ಕಡೆ ಕುಂತು "ಅವ್ವಾ ಗಣಿತದಾಗ ಹನ್ನೆರಡು ಬಂದಾವ" ಅಂದಾ, ಮನ್ಯಾಗ ಹೇಳಾಕ ಧೈರ್ಯ ಇರಲಿಲ್ಲ ಅಂತ ಕಾಣ್ತೈತಿ.

ಶನಿವಾರ ಮ್ಯೂಜಿಯಂ. ನಮ್ಮ ಅತ್ತಿ ಮೂರ್ತಿ ಅದಾವ ಅಂತ ಕೇಳಿದ್ದಕ್ಕ ಬಾಗಲದಾಗ ಚಪ್ಪಲಿ ಬಿಟ್ಟ್ರು, ಬ್ಯಾಡ್ರಿ ಅಂದ್ರೂ ಕೇಳಲಿಲ್ಲ. ಒಂದೊಂದಕ್ಕೂ ಕೈಮುಗಕೋತ ಹೊಂಟ್ರು, ತೀರ್ಥಂಕರಗೂ ಕೈ, ಫಾರ್ಸಿ ಶಾಸನಕ್ಕೂ ಕೈ, ಅಲ್ಲಿ ಕುಂತ ಕಾವಲಿನವ್ರು ನಕ್ಕು ಅವ್ರೂ ಕೈಮುಗದ್ರು. ನನ್ನ ಮಗಾ "ಕಲ್ಲು ಓದಾಂವ" ಸರ್ ಬರದದ್ದನ್ನ ನೋಟ್‌ಬುಕ್ಕಿನ್ಯಾಗ ಇಳಿಸ್ಕೊಂಡು ಬಂದಿದ್ದಾ, ವೀರಗಲ್ಲಿನ ಮುಂದ ನಿಂತು ಆಯಿಗೆ ಕೆಳಗಿಂದ ಮ್ಯಾಲ ಪಾಠಾ ಮಾಡಿದಾ. ಅತ್ತಿ ಸುಮ್ನ ಕೇಳಿದ್ರು, ಆಮ್ಯಾಲ ಕಲ್ಲಿನ ಹತ್ರ ಬಗ್ಗಿ "ಇದು ನಮ್ಮೂರ ಅಗಸ್ಯಾಗಿನ ಕಲ್ಲಪ್ಪ ಅಲ್ಲೇನೋ?" ಅಂದ್ರು.

ಅವ್ರ ತವರೂರು ಅಥಣಿ ಕಡೆ ಒಂದು ಹಳ್ಳಿ. ಅಲ್ಲಿ ಅಗಸಿ ಬಾಗಲದ ಹತ್ರ ಒಂದು ಕಲ್ಲು ಐತಿ, ಅಮಾಸಿಗೊಮ್ಮೆ ಎಣ್ಣಿ ಹಾಕಿ ಕುಂಕುಮ ಹಚ್ಚಿ ಹಚ್ಚಿ ಕರೀ ಹಲಗಿ ಆಗೇತಿ, ಅದರಾಗ ಏನಾರ ಕೆತ್ತ್ಯಾರ ಅಂತ ಯಾರಿಗೂ ಗೊತ್ತಿಲ್ಲ. "ಆಯಿ, ನಿಮ್ಮ ದೇವ್ರು ಮನಷ್ಯಾ ಇದ್ದಾ" ಅಂದಾ ನನ್ನ ಮಗಾ. "ಇದ್ರ ಇರ್ಲಿ ತಗೀ, ಆಕಳಾ ಬಿಡಿಸ್ಕೊಂಡು ಬಂದಾನಲ್ಲ" ಅಂದ್ರು. ಮ್ಯಾಲಿನ ಗ್ಯಾಲರಿಗೆ ನಾನೊಬ್ಬಾಕಿನ ಹೋದೆ, ಪಿಂಗಾಣಿ ಗಾಲೀಚಾ ನೋಡಿದೆ, ಅವಸರದಾಗ. ಅವ್ರಿಬ್ರೂ ಕೆಳಗs ಕುಂತು ಯಾವಾಗ ಊರಿಗೆ ಹೋಗೂಣು ಅಂತ ಗಂಟಬಿದ್ದಿದ್ರು.

ಹೋದ್ವಿ ರೀ, ಹಾದಿ ಬಿಟ್ಟು ಎಂಟು ಕಿಲೋಮೀಟರ್ ಒಳಗ, ಮುಟ್ಟೂದ್ರಾಗ ಕತ್ತಲಾಗಿತ್ತು. ಮೊಬೈಲ್ ಟಾರ್ಚ್ ಬಾಜೂಕಿಂದ ಹಿಡದೆ, ಎಣ್ಣಿ ಜಿಡ್ಡಿನ್ಯಾಗಿಂದ ಮದ್ಲ ಒಂದು ಮೊಣಕೈ ಕಂಡ್ತು, ಆಮ್ಯಾಲ ಬಿಲ್ಲಿನ ಡೊಂಕು. ಊರ ಹುಡುಗ್ರೆಲ್ಲಾ ಕೂಡಿದ್ರು. ನಮ್ಮ ಅತ್ತಿಯವ್ರ ಅಣ್ಣ, ಎಪ್ಪತ್ತೈದು ದಾಟಿದಾಂವ, "ಇಷ್ಟ ವರ್ಷ ಕಾಯಿ ಒಡದೀನಿ, ಮಾರಿ ನೋಡಿದ್ದಿಲ್ಲ" ಅಂತ ಅಲ್ಲೇ ಕುಕ್ಕರಗಾಲಲೆ ಕುಂತಬಿಟ್ಟ.

ಈಗ ಒಂದು ಪ್ರಶ್ನೆ. ಆ ಜಿಡ್ಡು ತಗಿಯಾಕ ಏನ್ ಹಚ್ಚಬೇಕು? ಊರಾಗ ಒಬ್ರು ಆ್ಯಸಿಡ್ ಅನ್ನಾಕತ್ತಾರ, ಇನ್ನೊಬ್ರು ತೊಳದು ಬಂಗಾರ ಬಣ್ಣದ ಪೇಂಟ್ ಹೊಡಿಯೂಣು ಅಂತ.

ಕಲ್ಲು ಓದಾಂವ:

ಅಯ್ಯಯ್ಯೋ ಅಕ್ಕಾರ, ಆ್ಯಸಿಡ್ ಬ್ಯಾಡ, ಪೇಂಟ್ ಬ್ಯಾಡ, ತಂತಿ ಬ್ರಶ್ ಮುಟ್ಟಲೇಬ್ಯಾಡ್ರಿ! ಜಿಡ್ಡು ಒಂದು ಲೆಕ್ಕಕ್ಕ ಅದನ್ನ ಕಾಪಾಡೇತಿ, ಇದ್ರ ಇರ್ಲಿ. ಬಾಜೂಕಿಂದ ಬೆಳಕ ಬಿಟ್ಟು ನಾಕೂ ಕಡೆಯಿಂದ ಫೋಟೋ ತಗೀರಿ, ಒಂದು ಸ್ಕೇಲ್ ಪಟ್ಟಿ ಬಾಜೂಕ ಇಟ್ಟು. ಅದನ್ನ ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಜೋಡಿ ಕಳಸ್ರಿ, ಹತ್ತಿರದ ಕಾಲೇಜಿನ್ಯಾಗ ಇತಿಹಾಸ ಕಲಸೂ ಮಾಸ್ತರ್‌ಗೂ ತೋರಸ್ರಿ. ಪೂಜಿ ನಿಲ್ಲಸ್ರಿ ಅಂತ ನಾ ಹೇಳೂದಿಲ್ಲ, ಪೂಜಿ ಇದ್ದದ್ದಕ್ಕs ಅದು ಯಾರದೋ ಮನಿ ಪಾಯಾಕ್ಕ ಹೋಗಿಲ್ಲ. ಎಣ್ಣಿ ಬದಲಿ ಹೂವಾ ಏರಸ್ರಿ ಅಂತ ಅಜ್ಜಾರಿಗೆ ಹೇಳಿ ನೋಡ್ರಿ.

ಕೆಳಗಿನ ಪಟ್ಟ್ಯಾಗ ಎಷ್ಟು ದನಾ ಅದಾವ ಎಣಸೀರೇನು?

ಬೆಳಗಾವಿಯಾಕಿ:

ಮಗಾ ಎಣಿಸ್ಯಾನ್ರಿ ಸರ್. ಮೂರು ಆಕಳು ಪೂರ್ತಿ ಕಂಡಾವ, ನಾಕನೇದ್ದು ಬೆನ್ನು, ಕೋಡು ಅಷ್ಟ. ಎರಡು ವರ್ಷದ ಹಿಂದ ಕುಂದರಾಕ ಅಂತ ಸುತ್ತ ಕಟ್ಟಿ ಕಟ್ಟಸ್ಯಾರ, ಉಳಿದದ್ದೆಲ್ಲಾ ಸಿಮೆಂಟಿನ ಕೆಳಗ.